ಮೂಳೆ ಕೂಡುವವರೆಗೆ ತಡೆಯಬೇಕಾದ ಪ್ಲೇಟು: ಇಂಪ್ಲಾಂಟ್ ಪರೀಕ್ಷಾಲಯದಲ್ಲಿ ಇಂಟರ್ನ್ ಮಾಡುವ ಕೆಲಸ

ಅಪಘಾತದಲ್ಲಿ ಕಾಲು ಮುರಿದುಕೊಂಡವರ ಬಗ್ಗೆ ‘ಒಳಗೆ ರಾಡ್ ಹಾಕಿದ್ದಾರೆ’, ‘ಪ್ಲೇಟ್ ಕೂರಿಸಿದ್ದಾರೆ’ ಎಂದು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಹಾಗೆ ದೇಹದೊಳಗೆ ಹೋದ ಲೋಹದ ತುಂಡನ್ನು, ಅಂದರೆ ಇಂಪ್ಲಾಂಟನ್ನು, ಯಾರೋ ಎಂಜಿನಿಯರ್ ವಿನ್ಯಾಸ ಮಾಡಿರುತ್ತಾರೆ. ಇನ್ಯಾರೋ ಅದರ ಮಾದರಿಗಳನ್ನು ಯಂತ್ರಕ್ಕೆ ಕಚ್ಚಿಸಿ, ಬಗ್ಗಿಸಿ, ಮುರಿದು ನೋಡಿರುತ್ತಾರೆ. ಈ ಎರಡನೆಯ ಕೆಲಸದಲ್ಲಿ ಕಾಲೇಜಿನಿಂದ ಕೆಲವು ತಿಂಗಳ ಮಟ್ಟಿಗೆ ಬಂದ ಇಂಟರ್ನ್‌ಗಳ ಪಾಲು ಹೊರಗಿನವರು ಊಹಿಸುವುದಕ್ಕಿಂತ ದೊಡ್ಡದು. ಮೆಕ್ಯಾನಿಕಲ್ ಅಥವಾ ಬಯೋಮೆಡಿಕಲ್ ಓದುವ ವಿದ್ಯಾರ್ಥಿ ಇಂಪ್ಲಾಂಟ್ ಕಂಪನಿಗೆ ಹೋಗುವಾಗ ಹೊಸ ಮಂಡಿಯನ್ನೋ ಹೊಸ ಸೊಂಟದ ಕೀಲನ್ನೋ ಕಂಪ್ಯೂಟರಿನಲ್ಲಿ ರಚಿಸುವ ಕನಸು ಹೊತ್ತಿರುತ್ತಾನೆ. ಅಲ್ಲಿ ಅವನ ಕೈಗೆ ಮೊದಲು ಬರುವುದು ಒಂದು ಪರೀಕ್ಷಾ ಮಾನದಂಡದ ದಾಖಲೆ ಮತ್ತು ಒಂದು ಫಿಕ್ಸ್ಚರ್ (ಮಾದರಿಯನ್ನು ಯಂತ್ರದಲ್ಲಿ ಹಿಡಿದಿಡುವ ಸಾಧನ) ಮಾಡಿಕೊಡಬೇಕೆಂಬ ಸೂಚನೆ. ಇದರಿಂದ ನಿರಾಸೆಪಡಬೇಕಾಗಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಂಪ್ಲಾಂಟ್ ಒಂದು ಸುರಕ್ಷಿತ ಎಂದು ಹೇಳುವ ಹಕ್ಕು ನಮಗೆ ಬರುವುದು ಪರೀಕ್ಷೆಯಿಂದ ಮಾತ್ರ, ಮತ್ತು ಆ ಪರೀಕ್ಷೆ ಇಂಪ್ಲಾಂಟಿಗೆ ಎಂಥ ಪ್ರಶ್ನೆ ಕೇಳಿತು ಎಂಬುದರ ಮೇಲೆ ಉತ್ತರದ ಬೆಲೆ ನಿಂತಿರುತ್ತದೆ. ಆ ಪ್ರಶ್ನೆಯನ್ನು ಸರಿಯಾಗಿ ಕೇಳುವುದು ಹೇಗೆ ಎಂಬುದನ್ನು ಕಲಿಸುವ ಕೆಲಸ ಇದು.

ಮೂಳೆಗೂ ಲೋಹಕ್ಕೂ ನಡುವಿನ ಓಟ

ಮುರಿದ ಮೂಳೆಗೆ ಹಾಕುವ ಪ್ಲೇಟು ಶಾಶ್ವತವಾಗಿ ಭಾರ ಹೊರಲು ಮಾಡಿದ ವಸ್ತುವಲ್ಲ. ಕಾಲಿನ ಉದ್ದ ಮೂಳೆ ಕೂಡಿಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಆರಂಭದ ವಾರಗಳಲ್ಲಿ, ಅದರಲ್ಲೂ ಮೂಳೆ ಚೂರುಚೂರಾಗಿ ನಡುವೆ ಅಂತರ ಉಳಿದಿದ್ದರೆ, ಬಾಗುವ ಬಲವನ್ನೆಲ್ಲ ಪ್ಲೇಟೇ ತಡೆದುಕೊಳ್ಳಬೇಕಾಗುತ್ತದೆ. ಹೊಸ ಮೂಳೆ ಬೆಳೆದು ಗಟ್ಟಿಯಾಗುತ್ತ ಹೋದಂತೆ ಭಾರದ ಪಾಲು ನಿಧಾನವಾಗಿ ಅದಕ್ಕೆ ವರ್ಗವಾಗುತ್ತದೆ. ಮೂಳೆ ಕೂಡದೇ ಉಳಿದರೆ ಎಷ್ಟೇ ಒಳ್ಳೆಯ ಪ್ಲೇಟಾದರೂ ಒಂದಲ್ಲ ಒಂದು ದಿನ ಮುರಿಯುತ್ತದೆ ಎಂದು ಮೂಳೆ ವೈದ್ಯರು ಹೇಳುವುದು ಇದೇ ಕಾರಣಕ್ಕೆ. ತಂತಿಯನ್ನು ಒಮ್ಮೆ ಬಗ್ಗಿಸಿದರೆ ಮುರಿಯದು, ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಲೇ ಇದ್ದರೆ ತುಂಡಾಗುತ್ತದೆ. ಪ್ಲೇಟಿನಲ್ಲೂ ಪ್ರತಿ ಹೆಜ್ಜೆಗೆ ಅತಿ ಸಣ್ಣ ಪ್ರಮಾಣದಲ್ಲಿ ಅದೇ ನಡೆಯುತ್ತಿರುತ್ತದೆ. ಎಂಜಿನಿಯರುಗಳು ಇದನ್ನು ಫಟೀಗ್ ಎನ್ನುತ್ತಾರೆ. ಒಂದೇ ಸಲ ಹಾಕಿದ ಭಾರಕ್ಕೆ ಏನೂ ಆಗದ ಲೋಹ, ಅದಕ್ಕಿಂತ ಕಡಿಮೆ ಭಾರವನ್ನು ಲಕ್ಷಾಂತರ ಸಲ ಹಾಕಿದಾಗ ಬಿರುಕು ಬಿಡುತ್ತದೆ.

ಹಾಗಾದರೆ ಪ್ಲೇಟನ್ನು ಇನ್ನಷ್ಟು ದಪ್ಪ ಮಾಡಿಬಿಟ್ಟರಾಯಿತಲ್ಲ ಎಂದು ಪ್ರತಿಯೊಬ್ಬ ವಿದ್ಯಾರ್ಥಿಗೂ ಮೊದಲು ಅನಿಸುತ್ತದೆ. ಇದಕ್ಕೆ ಅಡ್ಡಿಯಾಗುವುದು ಮೂಳೆಯ ಸ್ವಭಾವ. ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲಿ ವಿವರಿಸಿದಂತೆ, ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳುತ್ತದೆ. ಭಾರ ಬೀಳದ ಕಡೆ ಅದು ಕರಗುತ್ತದೆ. ಹೊರಪದರದ ಗಟ್ಟಿ ಮೂಳೆಯ ಯಂಗ್ಸ್ ಮಾಡ್ಯುಲಸ್ (ವಸ್ತುವಿನ ಬಿಗಿತದ ಅಳತೆ) ಸುಮಾರು 15ರಿಂದ 20 ಗಿಗಾಪಾಸ್ಕಲ್. ಟೈಟಾನಿಯಂ ಮಿಶ್ರಲೋಹದ್ದು ಸುಮಾರು 110, ಸ್ಟೇನ್‌ಲೆಸ್ ಸ್ಟೀಲಿನದು 190ರ ಆಸುಪಾಸು, ಕೋಬಾಲ್ಟ್ ಕ್ರೋಮಿಯಂನದು ಇನ್ನೂ ಹೆಚ್ಚು. ಪಕ್ಕದಲ್ಲಿರುವ ಲೋಹವೇ ಭಾರವನ್ನೆಲ್ಲ ಹೊತ್ತುಕೊಂಡರೆ ಅದರ ನೆರಳಿನಲ್ಲಿರುವ ಮೂಳೆ ಸೊರಗುತ್ತದೆ. ಮುರಿದ ಜಾಗದಲ್ಲಿ ಸ್ವಲ್ಪವಾದರೂ ಚಲನೆ ಇದ್ದಾಗಲೇ ಹೊಸ ಮೂಳೆಯ ಗಂಟು ಚೆನ್ನಾಗಿ ಬೆಳೆಯುತ್ತದೆ ಎಂಬುದೂ ಗೊತ್ತಿರುವ ವಿಷಯ. ಆದ್ದರಿಂದ ಪ್ಲೇಟು ಮುರಿಯದಷ್ಟು ಬಲವಾಗಿರಬೇಕು, ಆದರೆ ಮೂಳೆಯ ಕೆಲಸವನ್ನೇ ಕಸಿದುಕೊಳ್ಳುವಷ್ಟು ಬಿಗಿಯಾಗಿರಬಾರದು. ಸ್ವಿಟ್ಜರ್ಲೆಂಡಿನಲ್ಲಿ 1958ರಲ್ಲಿ ಶಸ್ತ್ರವೈದ್ಯರ ಗುಂಪೊಂದು ಕಟ್ಟಿದ ಎಒ ಸಂಸ್ಥೆಯಿಂದ ಇಂದಿನವರೆಗೂ ಪ್ಲೇಟುಗಳ ವಿನ್ಯಾಸ ಬದಲಾಗುತ್ತ ಬಂದಿರುವುದರ ಹಿಂದೆ ಬಹುಮಟ್ಟಿಗೆ ಈ ಎರಡು ಬೇಡಿಕೆಗಳ ಎಳೆದಾಟವೇ ಇದೆ.

ಕೀಲು ಬದಲಾವಣೆಯ ಮಾತೇ ಬೇರೆ. ಅಲ್ಲಿ ಮೂಳೆ ಬಂದು ಭಾರ ಹಂಚಿಕೊಳ್ಳುತ್ತದೆ ಎಂದು ಕಾಯುವಂತಿಲ್ಲ. ಕೂರಿಸಿದ ಸೊಂಟವೋ ಮಂಡಿಯೋ ದಶಕಗಳ ಕಾಲ ದುಡಿಯಬೇಕು.

ಎಷ್ಟು ಭಾರ, ಎಷ್ಟು ಸಲ?

ಪರೀಕ್ಷೆಯ ಮೊದಲ ಪ್ರಶ್ನೆ ಇದು. ಸೊಂಟದ ಕೀಲಿನ ಮಟ್ಟಿಗೆ ಇದಕ್ಕೆ ನಂಬಲರ್ಹ ಉತ್ತರ ಸಿಕ್ಕಿದ್ದು ಬರ್ಲಿನ್ನಿನಲ್ಲಿ. ಅಲ್ಲಿ ಗೆಯೋರ್ಗ್ ಬೆರ್ಗ್‌ಮನ್ ಮತ್ತು ಸಂಗಡಿಗರು ಬಲವನ್ನು ಅಳೆದು ರೇಡಿಯೋ ಸಂಕೇತದ ಮೂಲಕ ಹೊರಗೆ ಕಳುಹಿಸುವ ಕೃತಕ ಕೀಲುಗಳನ್ನು ರೋಗಿಗಳಿಗೆ ಕೂರಿಸಿ, ಅವರು ನಡೆಯುವಾಗ, ಮೆಟ್ಟಿಲು ಹತ್ತುವಾಗ, ಕುರ್ಚಿಯಿಂದ ಏಳುವಾಗ ಕೀಲಿನ ಮೇಲೆ ಬೀಳುವ ಭಾರವನ್ನು ನೇರವಾಗಿ ದಾಖಲಿಸಿದರು. 2001ರಲ್ಲಿ ಪ್ರಕಟವಾದ ಅವರ ಅಳತೆಗಳ ಪ್ರಕಾರ ಗಂಟೆಗೆ 4 ಕಿ.ಮೀ. ವೇಗದಲ್ಲಿ ನಡೆಯುವಾಗ ಸೊಂಟದ ಮೇಲೆ ದೇಹದ ತೂಕದ ಸುಮಾರು 238 ಶೇಕಡಾದಷ್ಟು ಬಲ ಬೀಳುತ್ತದೆ. ಮೆಟ್ಟಿಲಿಳಿಯುವಾಗ ಅದು 260ರ ಹತ್ತಿರ ಹೋಗುತ್ತದೆ. ಒಂದೇ ಕಾಲಿನ ಮೇಲೆ ನಿಂತಾಗ ದೇಹ ಉರುಳದಂತೆ ಸೊಂಟದ ಸ್ನಾಯುಗಳು ಬಿಗಿಯಾಗಿ ಎಳೆಯುತ್ತವೆ, ಆ ಎಳೆತವೂ ಕೀಲಿನ ಮೇಲೆಯೇ ಬೀಳುತ್ತದೆ. ತೂಕಕ್ಕಿಂತ ಎರಡು ಪಟ್ಟು ಹೆಚ್ಚಿನ ಬಲ ಹುಟ್ಟುವುದು ಹೀಗೆ. 70 ಕೆ.ಜಿ. ತೂಗುವವರಲ್ಲಿ ಇದು ಸುಮಾರು 1,630 ನ್ಯೂಟನ್. ಎಡವಿ ಬೀಳುವಂತಾಗಿ ಸಾವರಿಸಿಕೊಂಡ ಕ್ಷಣದಲ್ಲಿ ತೂಕದ ಎಂಟು ಪಟ್ಟಿಗೂ ಮೀರಿದ ಬಲ ದಾಖಲಾಗಿದೆ. ಅಂದರೆ ಅದೇ ವ್ಯಕ್ತಿಗೆ 5,500 ನ್ಯೂಟನ್‌ಗೂ ಹೆಚ್ಚು.

ಈಗ ಮಾನದಂಡಗಳ ಸಂಖ್ಯೆಗಳನ್ನು ನೋಡಿದರೆ ಅವು ಆಕಾಶದಿಂದ ಉದುರಿದವಲ್ಲ ಎಂದು ತಿಳಿಯುತ್ತದೆ. ಕೃತಕ ಸೊಂಟದ ಕೀಲಿನಲ್ಲಿ ತೊಡೆಮೂಳೆಯೊಳಗೆ ಇಳಿಯುವ ಕಂಬಿಯನ್ನು, ಅಂದರೆ ಸ್ಟೆಮ್ಮನ್ನು, ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 7206ರ ನಾಲ್ಕನೆಯ ಭಾಗದಂತೆ ಪರೀಕ್ಷಿಸುವಾಗ ಸಾಮಾನ್ಯ ಉದ್ದದ ಸ್ಟೆಮ್ಮಿಗೆ 2,300 ನ್ಯೂಟನ್ ಭಾರವನ್ನು 50 ಲಕ್ಷ ಸಲ ಹಾಕಬೇಕು. ಸ್ಟೆಮ್ಮಿನ ಮೇಲ್ಭಾಗ ಸಡಿಲವಾಗಿ, ಕೆಳಭಾಗ ಮಾತ್ರ ಗಟ್ಟಿಯಾಗಿ ಹಿಡಿದಿರುವ ಕೆಟ್ಟ ಸ್ಥಿತಿಯನ್ನು ಅನುಕರಿಸಲು ಅದರ ಕೆಳಭಾಗವನ್ನಷ್ಟೇ ಸಿಮೆಂಟಿನಲ್ಲಿ ಹೂಳುತ್ತಾರೆ. ಸ್ಟೆಮ್ಮಿನ ಕುತ್ತಿಗೆಯನ್ನು ಆರನೆಯ ಭಾಗದಂತೆ ಪರೀಕ್ಷಿಸುವಾಗ ಭಾರ 5,340 ನ್ಯೂಟನ್, ಆವರ್ತಗಳು, ಅಂದರೆ ಭಾರ ಹಾಕಿ ಇಳಿಸುವ ಸುತ್ತುಗಳು, 1 ಕೋಟಿ. ನಡಿಗೆಯಲ್ಲಿ ಬೀಳುವ ಬಲಕ್ಕಿಂತ ಮೊದಲನೆಯದು ಸಾಕಷ್ಟು ಹೆಚ್ಚು. ಎರಡನೆಯದು ಎಡವಿದಾಗಿನ ಬಲಕ್ಕೆ ಹತ್ತಿರದ ಭಾರವನ್ನೇ ಒಂದು ಕೋಟಿ ಸಲ ಹಾಕಿದಂತೆ. ಸೆಕೆಂಡಿಗೆ 10 ಆವರ್ತದ ಲೆಕ್ಕದಲ್ಲಿ ಯಂತ್ರ ಓಡಿಸಿದರೂ ಒಂದೇ ಮಾದರಿಗೆ ಹನ್ನೊಂದೂವರೆ ದಿನ ಬೇಕು. ಪ್ರಾಜೆಕ್ಟಿನ ವೇಳಾಪಟ್ಟಿ ಹಾಕುವಾಗ ಇಂಟರ್ನ್ ಈ ಗುಣಾಕಾರ, ಭಾಗಾಕಾರವನ್ನು ಮೊದಲ ವಾರದಲ್ಲೇ ಮಾಡಿಕೊಳ್ಳುವುದು ಒಳ್ಳೆಯದು. ಒಂದು ಯಂತ್ರದಲ್ಲಿ ಆರು ಮಾದರಿಗಳನ್ನು ಒಂದಾದ ಮೇಲೊಂದು ಓಡಿಸಬೇಕೆಂದರೆ ಇಂಟರ್ನ್‌ಶಿಪ್ಪಿನ ಎರಡು ತಿಂಗಳಿಗೂ ಹೆಚ್ಚು ಕಾಲ ಅದರಲ್ಲೇ ಕಳೆಯುತ್ತದೆ.

ಪ್ಲೇಟುಗಳಿಗೆ 10 ಲಕ್ಷ ಆವರ್ತದ ಗುರಿ ರೂಢಿಯಲ್ಲಿದೆ. ದಿನಕ್ಕೆ 5,000 ಹೆಜ್ಜೆ ನಡೆಯುವವರ ಒಂದು ಕಾಲಿಗೆ ಬೀಳುವುದು 2,500. ಆ ವೇಗದಲ್ಲಿ 10 ಲಕ್ಷ ತಲುಪಲು 400 ದಿನ ಬೇಕು. ಮೂಳೆ ಕೂಡಲು ತಡವಾದರೂ ಸಾಲುವಷ್ಟು ಅವಧಿ ಅದು.

ಒಂದು ಪ್ಲೇಟು, ನಾಲ್ಕು ರೋಲರು

ಪ್ಲೇಟಿನ ಪರೀಕ್ಷೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಎಎಸ್‌ಟಿಎಂ ಎಫ್382 ಎಂಬ ಮಾನದಂಡದಂತೆ ಪ್ಲೇಟನ್ನು ಕೆಳಗಿನ ಎರಡು ರೋಲರುಗಳ ಮೇಲೆ ಇಟ್ಟು, ಮೇಲಿನ ಎರಡು ರೋಲರುಗಳಿಂದ ಒತ್ತುತ್ತಾರೆ. ಮೂರು ಕಡೆ ಹಿಡಿದು ಬಗ್ಗಿಸಿದರೆ ಬಾಗುವ ಬಲ ನಟ್ಟನಡುವೆ ಒಂದೇ ಬಿಂದುವಿನಲ್ಲಿ ಅತಿ ಹೆಚ್ಚಾಗಿರುತ್ತದೆ. ನಾಲ್ಕು ಕಡೆ ಹಿಡಿದಾಗ ಒಳಗಿನ ಎರಡು ರೋಲರುಗಳ ನಡುವಿನ ಇಡೀ ಭಾಗದ ಮೇಲೆ ಅದು ಸಮನಾಗಿರುತ್ತದೆ. ಆ ಭಾಗದೊಳಗೆ ಸ್ಕ್ರೂ ರಂಧ್ರಗಳು ಬರುವಂತೆ ಕೂರಿಸಿದರೆ, ದುರ್ಬಲವಾದ ಜಾಗ ಯಾವುದೆಂದು ನಾವು ನಿರ್ಧರಿಸಬೇಕಾಗಿಲ್ಲ, ಪ್ಲೇಟೇ ತೋರಿಸಿಕೊಡುತ್ತದೆ.

ಲೆಕ್ಕವೊಂದನ್ನು ಮಾಡಿ ನೋಡಬಹುದು. 13 ಮಿ.ಮೀ. ಅಗಲ, 4 ಮಿ.ಮೀ. ದಪ್ಪದ ನೇರವಾದ ಪ್ಲೇಟಿಗೆ ಒಟ್ಟು 500 ನ್ಯೂಟನ್ ಭಾರ ಹಾಕಿದ್ದೇವೆ, ಒಳ ರೋಲರಿಗೂ ಅದರ ಪಕ್ಕದ ಹೊರ ರೋಲರಿಗೂ 40 ಮಿ.ಮೀ. ಅಂತರವಿದೆ ಎಂದುಕೊಳ್ಳೋಣ. ಬಾಗುವ ಬಲದ ಪ್ರಮಾಣ, ಅಂದರೆ ಬೆಂಡಿಂಗ್ ಮೊಮೆಂಟ್, 500ರ ಅರ್ಧವನ್ನು 40ರಿಂದ ಗುಣಿಸಿದಷ್ಟು: 10,000 ನ್ಯೂಟನ್ ಮಿ.ಮೀ. ರಂಧ್ರವಿಲ್ಲದ ಜಾಗದಲ್ಲಿ ಮೇಲ್ಮೈ ಸ್ಟ್ರೆಸ್, ಅಂದರೆ ಪ್ರತಿ ಚದರ ಅಳತೆಗೆ ಬೀಳುವ ಬಲ, ಸುಮಾರು 288 ಮೆಗಾಪಾಸ್ಕಲ್. 6 ಮಿ.ಮೀ. ರಂಧ್ರ ಇರುವ ಕಡೆ ಭಾರ ಹೊರಲು ಉಳಿಯುವ ಅಗಲ 7 ಮಿ.ಮೀ. ಮಾತ್ರ, ಆದ್ದರಿಂದ ಅಲ್ಲಿ ಸ್ಟ್ರೆಸ್ 536 ಮೆಗಾಪಾಸ್ಕಲ್ ಆಗುತ್ತದೆ. ರಂಧ್ರದ ಅಂಚಿನಲ್ಲಿ ಸ್ಟ್ರೆಸ್ ಒತ್ತೊತ್ತಾಗಿ ಸೇರುವುದರಿಂದ ನಿಜವಾದ ಗರಿಷ್ಠ ಇದಕ್ಕೂ ಹೆಚ್ಚು. ಇಂಪ್ಲಾಂಟುಗಳಿಗೆ ಬಳಸುವ ಟೈಟಾನಿಯಂ 6 ಅಲ್ಯೂಮಿನಿಯಂ 4 ವೆನೇಡಿಯಂ ಮಿಶ್ರಲೋಹದ ಈಎಲ್‌ಐ ದರ್ಜೆಯ ಯೀಲ್ಡ್ ಸಾಮರ್ಥ್ಯ (ಲೋಹ ಶಾಶ್ವತವಾಗಿ ಬಾಗತೊಡಗುವ ಸ್ಟ್ರೆಸ್) ಕನಿಷ್ಠ 795 ಮೆಗಾಪಾಸ್ಕಲ್ ಇರಬೇಕು. ಆದ್ದರಿಂದ ಈ ಸರಳ ಲೆಕ್ಕದ ಮಟ್ಟಿಗೆ ಒಮ್ಮೆ ಹಾಕಿದ ಭಾರಕ್ಕೆ ಪ್ಲೇಟು ಬಾಗಿ ಉಳಿಯುವುದಿಲ್ಲ. ಹತ್ತು ಲಕ್ಷ ಸಲ ಹಾಕಿದಾಗ ಏನಾಗುತ್ತದೆ ಎಂಬುದನ್ನು ಈ ಲೆಕ್ಕ ಹೇಳುವುದಿಲ್ಲ, ಯಂತ್ರ ಹೇಳಬೇಕು.

ಇಲ್ಲಿ ದಪ್ಪವನ್ನು 4ರಿಂದ 4.5 ಮಿ.ಮೀ.ಗೆ ಏರಿಸಿದರೆ ರಂಧ್ರದ ಬಳಿಯ ಸ್ಟ್ರೆಸ್ 536ರಿಂದ ಸುಮಾರು 423ಕ್ಕೆ ಇಳಿಯುತ್ತದೆ. ಅರ್ಧ ಮಿಲಿಮೀಟರಿಗೆ ಇದು ದೊಡ್ಡ ಲಾಭವೇ. ಆದರೆ ಸ್ಟ್ರೆಸ್ಸು ದಪ್ಪದ ವರ್ಗಕ್ಕೆ ತಕ್ಕಂತೆ ಇಳಿದರೆ, ಬಿಗಿತ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ: ಪ್ಲೇಟು 42 ಶೇಕಡಾ ಹೆಚ್ಚು ಬಿಗಿಯಾಗುತ್ತದೆ. ಮೊಣಕಾಲ ಕೆಳಗೆ, ಮುಂಗಾಲಿನ ಒಳಬದಿಯಲ್ಲಿ ಮೂಳೆಗೂ ಚರ್ಮಕ್ಕೂ ನಡುವೆ ಮಾಂಸವೇ ಇಲ್ಲದ ಕಡೆ ಆ ಅರ್ಧ ಮಿಲಿಮೀಟರ್ ಕೈಗೆ ಸಿಗುತ್ತದೆ, ಕೆಲವರಿಗೆ ನೋವು ಕೊಡುತ್ತದೆ, ಗಾಯ ಮುಚ್ಚುವಾಗ ಶಸ್ತ್ರವೈದ್ಯರಿಗೆ ಕಷ್ಟವಾಗುತ್ತದೆ. ವಿನ್ಯಾಸದ ಸಭೆಯಲ್ಲಿ ಅರ್ಧ ಮಿಲಿಮೀಟರಿನ ಬಗ್ಗೆ ಒಂದು ಗಂಟೆ ಮಾತು ನಡೆಯುವುದೇಕೆಂದು ಇಂಟರ್ನ್‌ಗೆ ಆಗ ಅರ್ಥವಾಗುತ್ತದೆ.

ಯಂತ್ರದ ಕೆಲಸ ಎರಡು ಹಂತದ್ದು. ಮೊದಲು ಕೆಲವು ಪ್ಲೇಟುಗಳನ್ನು ನಿಧಾನವಾಗಿ ಬಗ್ಗಿಸಿ, ಭಾರ ಮತ್ತು ಬಾಗುವಿಕೆಯ ಗ್ರಾಫ್ ನೇರ ರೇಖೆಯನ್ನು ಬಿಟ್ಟು ಹೊರಳುವ ಜಾಗವನ್ನು ಗುರುತಿಸುತ್ತಾರೆ. ಪ್ಲೇಟಿನ ಬಿಗಿತ ಮತ್ತು ಬಾಗುವ ಸಾಮರ್ಥ್ಯ ಅಲ್ಲಿಂದ ಸಿಗುತ್ತವೆ. ಅನಂತರ ಆ ಸಾಮರ್ಥ್ಯದ ಬೇರೆ ಬೇರೆ ಶೇಕಡಾ ಭಾರಗಳಲ್ಲಿ ಹೊಸ ಪ್ಲೇಟುಗಳನ್ನು ಫಟೀಗ್ ಪರೀಕ್ಷೆಗೆ ಒಡ್ಡುತ್ತಾರೆ. ಪ್ರತಿ ಆವರ್ತದಲ್ಲೂ ಭಾರವನ್ನು ಸೊನ್ನೆಗೆ ಇಳಿಸದೆ ಗರಿಷ್ಠದ ಹತ್ತನೇ ಒಂದು ಪಾಲು ಉಳಿಸಿಕೊಳ್ಳುವುದು ರೂಢಿ. ಇಲ್ಲವಾದರೆ ಪ್ಲೇಟು ರೋಲರಿನಿಂದ ಎದ್ದು, ಕುಪ್ಪಳಿಸಿ ಸರಿಯುತ್ತದೆ. ಸೆಕೆಂಡಿಗೆ 5 ಆವರ್ತದಲ್ಲಿ 10 ಲಕ್ಷ ಮುಗಿಯಲು ಸುಮಾರು ಐವತ್ತೈದೂವರೆ ಗಂಟೆ ಬೇಕು. ಹೆಚ್ಚು ಭಾರದಲ್ಲಿ ಓಡಿದ ಪ್ಲೇಟು ಬೇಗ ಮುರಿಯುತ್ತದೆ, ಕಡಿಮೆ ಭಾರದ್ದು ಹತ್ತು ಲಕ್ಷ ದಾಟಿಯೂ ನಿಲ್ಲುತ್ತದೆ. ಈ ಬಿಂದುಗಳನ್ನು ಜೋಡಿಸಿದರೆ ಸಿಗುವ ವಕ್ರರೇಖೆಯೇ ಪ್ಲೇಟಿನ ನಿಜವಾದ ಪರಿಚಯ.

ಮುರಿದ ತುಂಡನ್ನು ಎಸೆಯುವಂತಿಲ್ಲ. ಮುರಿದ ಮುಖವನ್ನು ಮೊದಲು ಬರಿಗಣ್ಣಿನಲ್ಲಿ, ಆಮೇಲೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹಿಗ್ಗುವ ಬದಿಯಲ್ಲಿ, ರಂಧ್ರದ ಅಂಚಿನಲ್ಲಿ ಬಿರುಕು ಹುಟ್ಟಿದ ಬಿಂದುವಿನ ಸುತ್ತ ಅರ್ಧಚಂದ್ರಾಕಾರದ ನಯವಾದ ಭಾಗ ಕಾಣುತ್ತದೆ. ಬಿರುಕು ಹೆಜ್ಜೆಹೆಜ್ಜೆಯಾಗಿ ಬೆಳೆದ ಗುರುತುಗಳು ಅಲ್ಲಿ ಒಂದರ ಪಕ್ಕ ಒಂದು ಸಣ್ಣ ಗೆರೆಗಳಾಗಿ ಉಳಿದಿರುತ್ತವೆ. ಉಳಿದ ಲೋಹ ಭಾರ ತಾಳಲಾರದೆ ಒಮ್ಮೆಲೇ ಹರಿದ ಭಾಗ ಒರಟಾಗಿ, ಕುಳಿಕುಳಿಯಾಗಿ ಇರುತ್ತದೆ. ಬಿರುಕು ಹುಟ್ಟಿದ್ದು ತಯಾರಿಕೆಯ ಯಂತ್ರದ ಉಳಿ ಬಿಟ್ಟುಹೋದ ಗೀರಿನಲ್ಲೇ ಎಂದು ಕಂಡರೆ, ತಪ್ಪು ವಿನ್ಯಾಸದ್ದಲ್ಲ, ತಯಾರಿಕೆಯದು. ರೋಲರ್ ಒತ್ತಿದ ಜಾಗದಲ್ಲೇ ಎಂದು ಕಂಡರೆ ಪರೀಕ್ಷೆಯನ್ನೇ ಮರುಪರಿಶೀಲಿಸಬೇಕು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತ್ಯಂತ ಹೆಚ್ಚು ಕಲಿಸುವ ಗಳಿಗೆ ಇದು, ಮತ್ತು ವಿದ್ಯಾರ್ಥಿಗಳು ಸಂಖ್ಯೆ ಸಿಕ್ಕಿತೆಂದು ಇದನ್ನು ಬಿಟ್ಟು ಮುಂದೆ ಹೋಗಬಾರದು.

ಇಂಟರ್ನ್‌ಗೆ ಬರುವ ಮೊದಲ ವಿನ್ಯಾಸ

ನೇರ ಪ್ಲೇಟಿಗೆ ರೋಲರುಗಳು ಸಾಕು. ಮಣಿಕಟ್ಟಿನ ಬಳಿ ಕೂರುವ ಪ್ಲೇಟು ಮೂಳೆಯ ಆಕಾರಕ್ಕೆ ತಕ್ಕಂತೆ ಬಾಗಿ, ತಿರುಚಿ, ತುದಿಯಲ್ಲಿ ಅಗಲವಾಗಿರುತ್ತದೆ. ಅದನ್ನು ರೋಲರಿನ ಮೇಲೆ ಕೂರಿಸಲಾಗದು. ಅಂಥ ಪ್ಲೇಟನ್ನು ಹಿಡಿದುಕೊಳ್ಳುವ ಫಿಕ್ಸ್ಚರಿನ ವಿನ್ಯಾಸವನ್ನೇ ಬಹಳ ಸಲ ಇಂಟರ್ನ್‌ಗೆ ಒಪ್ಪಿಸುತ್ತಾರೆ. ಕೇಳಲು ಸಣ್ಣ ಕೆಲಸ, ಮಾಡಲು ಸಣ್ಣದಲ್ಲ. ಫಿಕ್ಸ್ಚರ್ ತಾನೇ ಬಾಗಿದರೆ ಆ ಬಾಗು ಪ್ಲೇಟಿನ ಲೆಕ್ಕಕ್ಕೆ ಸೇರಿಹೋಗುತ್ತದೆ, ಪ್ಲೇಟು ಇರುವುದಕ್ಕಿಂತ ಮೆತ್ತಗೆ ಕಾಣುತ್ತದೆ. ಆದ್ದರಿಂದ ಪ್ಲೇಟಿನ ಜಾಗದಲ್ಲಿ ದಪ್ಪನೆಯ ಉಕ್ಕಿನ ಪಟ್ಟಿ ಹಾಕಿ ಫಿಕ್ಸ್ಚರಿನ ಸ್ವಂತ ಬಾಗುವಿಕೆಯನ್ನು ಮೊದಲು ಅಳೆದಿಟ್ಟುಕೊಳ್ಳಬೇಕು. ಹಿಡಿತ ತುಂಬ ಬಿಗಿಯಾದರೆ ಪ್ಲೇಟು ಹಿಡಿದ ಜಾಗದಲ್ಲೇ ಮುರಿಯುತ್ತದೆ, ಸಡಿಲವಾದರೆ ಲಕ್ಷಾಂತರ ಆವರ್ತಗಳಲ್ಲಿ ಸವೆದು ಭಾರದ ದಿಕ್ಕೇ ಬದಲಾಗುತ್ತದೆ. ಕಾಲೇಜಿನಲ್ಲಿ ಓದಿದ ಡ್ರಾಯಿಂಗ್, ಟಾಲರೆನ್ಸ್, ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಎಲ್ಲವೂ ಇಲ್ಲಿ ಒಟ್ಟಿಗೆ ಕೆಲಸಕ್ಕೆ ಬರುತ್ತವೆ.

ಸ್ಕ್ರೂಗಳಿಗೆ ಎಎಸ್‌ಟಿಎಂ ಎಫ್543 ಇದೆ: ಸ್ಕ್ರೂ ತಿರುಚಿ ಮುರಿಯಲು ಬೇಕಾದ ಟಾರ್ಕ್ (ತಿರುಚುವ ಬಲ), ಒಳಗೆ ಹೋಗಲು ಬೇಕಾದ ಟಾರ್ಕ್, ಕಿತ್ತು ತೆಗೆಯಲು ಬೇಕಾದ ಬಲ. ಮೊದಲನೆಯದು ಎರಡನೆಯದಕ್ಕಿಂತ ಸಾಕಷ್ಟು ಹೆಚ್ಚಿರಬೇಕು, ಇಲ್ಲದಿದ್ದರೆ ಶಸ್ತ್ರವೈದ್ಯರ ಕೈಯಲ್ಲೇ ಸ್ಕ್ರೂವಿನ ತಲೆ ತುಂಡಾಗುತ್ತದೆ. ಕೊನೆಯ ಎರಡು ಪರೀಕ್ಷೆಗಳನ್ನು ಪಾಲಿಯುರೆಥೇನ್ ಫೋಮಿನ ಇಟ್ಟಿಗೆಗಳಲ್ಲಿ ಮಾಡುತ್ತಾರೆ. ಘನ ಸೆಂಟಿಮೀಟರಿಗೆ 0.32 ಗ್ರಾಂ ಸಾಂದ್ರತೆಯ ಫೋಮನ್ನು ಆರೋಗ್ಯವಂತ ಮೆದುಮೂಳೆಗೆ (ಮೂಳೆಯ ಒಳಗಿನ ಸ್ಪಂಜಿನಂಥ ಭಾಗಕ್ಕೆ) ಹೋಲಿಸಿ, 0.16 ಗ್ರಾಂನದನ್ನು ಟೊಳ್ಳಾದ ಮೂಳೆಗೆ ಹೋಲಿಸಿ ಮಾತಾಡುವುದುಂಟು. ಆದರೆ ಈ ಫೋಮನ್ನು ನಿರ್ದಿಷ್ಟಪಡಿಸುವ ಎಎಸ್‌ಟಿಎಂ ಎಫ್1839 ಇದು ಮನುಷ್ಯರ ಮೂಳೆಯ ಪ್ರತಿರೂಪವಲ್ಲ, ಹೋಲಿಕೆಗೆಂದು ಇರುವ ಸಮಾನ ಗುಣದ ಮಾಧ್ಯಮ ಎಂಬ ನಿಲುವನ್ನೇ ಇಟ್ಟುಕೊಂಡಿದೆ. ಫೋಮಿನಲ್ಲಿ ಸಿಕ್ಕ ಬಲವನ್ನು ‘ರೋಗಿಯ ಮೂಳೆಯಲ್ಲಿ ಇಷ್ಟು ತಡೆಯುತ್ತದೆ’ ಎಂದು ಬರೆದರೆ ಅದು ತಪ್ಪು ವಾಕ್ಯ. ‘ಅದೇ ಫೋಮಿನಲ್ಲಿ ಹಳೆಯ ಸ್ಕ್ರೂವಿಗಿಂತ ಇದು ಇಷ್ಟು ಹೆಚ್ಚು ತಡೆಯಿತು’ ಎಂಬುದು ಸರಿಯಾದ ವಾಕ್ಯ. ವರದಿ ಬರೆಯುವಾಗ ಈ ವ್ಯತ್ಯಾಸವನ್ನು ಕಾಪಾಡಿಕೊಳ್ಳುವುದು ಎಂಜಿನಿಯರಿನ ಪ್ರಾಮಾಣಿಕತೆಯ ಭಾಗ.

ಸವೆತ, ಮತ್ತು ಕೇಳದೇ ಬಿಟ್ಟ ಪ್ರಶ್ನೆ

ಕೀಲುಗಳು ಮುರಿಯುವುದಕ್ಕಿಂತ ಸವೆಯುವುದು ಹೆಚ್ಚು. ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಆಧುನಿಕ ಸೊಂಟದ ಕೀಲನ್ನು ರೂಪಿಸಿದ ಜಾನ್ ಚಾರ್ನ್ಲಿ, ಸ್ಟೆಮ್ಮಿನ ತಲೆಯ ಗುಂಡು ಕೂತು ತಿರುಗುವ ಬಟ್ಟಲಿಗೆ ಮೊದಲು ಬಳಸಿದ್ದು ಪಿಟಿಎಫ್‌ಇ ಎಂಬ ಪ್ಲಾಸ್ಟಿಕ್. ನಾವು ಟೆಫ್ಲಾನ್ ಎನ್ನುವುದು ಅದನ್ನೇ. ಜಾರುವ ಗುಣ ಬಹಳ ಚೆನ್ನಾಗಿದ್ದರೂ ಕೆಲವೇ ವರ್ಷಗಳಲ್ಲಿ ಅದು ರೋಗಿಗಳ ದೇಹದೊಳಗೆ ಸವೆದು, ಸುತ್ತಲ ಅಂಗಾಂಶದಲ್ಲಿ ಉರಿಯೂತ ಎಬ್ಬಿಸಿತು. 1962ರಲ್ಲಿ ಗೇರುಗಳಿಗೆ ಬಳಸುವ ಅತಿ ಹೆಚ್ಚು ಅಣುತೂಕದ ಪಾಲಿಎಥಿಲೀನ್ ತುಂಡೊಂದು ಅವರ ಕಾರ್ಯಾಗಾರಕ್ಕೆ ಬಂತು. ಚಾರ್ನ್ಲಿಯವರಿಗೆ ಅದರಲ್ಲಿ ನಂಬಿಕೆ ಹುಟ್ಟಲಿಲ್ಲ. ಅವರ ತಂತ್ರಜ್ಞ ಹ್ಯಾರಿ ಕ್ರೇವನ್ ಅದನ್ನು ಸವೆತದ ಯಂತ್ರಕ್ಕೆ ಹಾಕಿಯೇ ನೋಡಿದರು. ಮೂರು ವಾರ ಹಗಲೂ ರಾತ್ರಿ ಓಡಿದ ಮೇಲೂ ಅದು ಪಿಟಿಎಫ್‌ಇ ಒಂದು ದಿನದಲ್ಲಿ ಸವೆಯುವಷ್ಟೂ ಸವೆದಿರಲಿಲ್ಲ. ಇವತ್ತಿಗೂ ಸೊಂಟ ಮತ್ತು ಮಂಡಿಗಳಲ್ಲಿ ಬಳಕೆಯಲ್ಲಿರುವುದು ಆ ಪ್ಲಾಸ್ಟಿಕ್ಕಿನ ಸುಧಾರಿತ ರೂಪಗಳೇ. ಪರೀಕ್ಷಾ ಯಂತ್ರದ ಮುಂದೆ ಕೂರುವ ಕೆಲಸ ಕೀಳೆಂದು ಯಾವ ವಿದ್ಯಾರ್ಥಿಗಾದರೂ ಅನಿಸಿದರೆ ಕ್ರೇವನ್ ಅವರ ಆ ಮೂರು ವಾರಗಳನ್ನು ನೆನೆಯಬೇಕು.

ಕೀಲಿನ ನಡಿಗೆಯನ್ನು ಅನುಕರಿಸುವ ಇಂದಿನ ಸೊಂಟದ ಸಿಮ್ಯುಲೇಟರುಗಳು ಐಎಸ್‌ಒ 14242ರಂತೆ ಸೆಕೆಂಡಿಗೆ ಒಂದು ಆವರ್ತದಲ್ಲಿ, ಗರಿಷ್ಠ 3,000 ನ್ಯೂಟನ್ ಭಾರದಲ್ಲಿ, ದೇಹದ ಉಷ್ಣಾಂಶದಲ್ಲಿಟ್ಟ ಕರುವಿನ ಸೀರಮ್ಮಿನೊಳಗೆ 50 ಲಕ್ಷ ಸಲ ನಡೆಯುತ್ತವೆ. ಬಿಡುವಿಲ್ಲದೆ ಓಡಿದರೂ 58 ದಿನ. ನಡುನಡುವೆ ನಿಲ್ಲಿಸಿ, ಬಟ್ಟಲನ್ನು ತೊಳೆದು, ಒಣಗಿಸಿ, ತೂಗುವ ದಿನಗಳು ಬೇರೆ. ತೂಗುವುದರಲ್ಲೂ ಒಂದು ಸೂಕ್ಷ್ಮವಿದೆ. ಪಾಲಿಎಥಿಲೀನ್ ದ್ರವವನ್ನು ಹೀರಿಕೊಂಡು ತೂಕ ಹೆಚ್ಚಿಸಿಕೊಳ್ಳುತ್ತದೆ, ಸವೆತದ ನಷ್ಟವನ್ನು ಆ ಹೆಚ್ಚಳ ಮರೆಮಾಚುತ್ತದೆ. ಅದಕ್ಕಾಗಿ ಇನ್ನೊಂದು ಬಟ್ಟಲನ್ನು ಅದೇ ಸೀರಮ್ಮಿನಲ್ಲಿ, ಅದೇ ಭಾರದಲ್ಲಿ, ಆದರೆ ಉಜ್ಜಾಟವಿಲ್ಲದೆ ಇಟ್ಟು, ಅದು ಹೀರಿಕೊಂಡ ತೂಕವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಪರೀಕ್ಷೆ ಕೇಳದ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. 2010ರ ಆಗಸ್ಟ್‌ನಲ್ಲಿ ಡೆಪ್ಯು ಕಂಪನಿ ಲೋಹದ ಮೇಲೆ ಲೋಹ ಉಜ್ಜುವ ತನ್ನ ಎಎಸ್‌ಆರ್ ಸೊಂಟದ ಕೀಲನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಿತು. ಅಷ್ಟರಲ್ಲಿ ಸುಮಾರು 93,000 ಕೀಲುಗಳು ಬಳಕೆಯಾಗಿದ್ದವು. ಭಾರತದಲ್ಲೂ ಸಾವಿರಾರು ಮಂದಿಗೆ ಅದನ್ನು ಕೂರಿಸಲಾಗಿತ್ತು. ಅದರ ಬಟ್ಟಲು ಆಳ ಕಡಿಮೆ ಇದ್ದುದರಿಂದ, ಶಸ್ತ್ರಚಿಕಿತ್ಸೆಯಲ್ಲಿ ಸ್ವಲ್ಪ ಕಡಿದಾಗಿ ಕೂತರೂ ತಲೆಯ ಗುಂಡು ಬಟ್ಟಲಿನ ಅಂಚಿನ ಮೇಲೆ ಉಜ್ಜತೊಡಗುತ್ತಿತ್ತು. ಕೋಬಾಲ್ಟ್ ಮತ್ತು ಕ್ರೋಮಿಯಂನ ಕಣಗಳು ರಕ್ತಕ್ಕೂ ಸುತ್ತಲ ಅಂಗಾಂಶಕ್ಕೂ ಸೇರಿದವು. ಆ ಕಾಲದ ಪ್ರಮಾಣಿತ ಸಿಮ್ಯುಲೇಟರ್ ಪರೀಕ್ಷೆಯಲ್ಲಿ ಬಟ್ಟಲು ಯಾವಾಗಲೂ ಒಳ್ಳೆಯ ಕೋನದಲ್ಲೇ ಇರುತ್ತಿತ್ತು. ತೊಂದರೆಯನ್ನು ಮೊದಲು ಎತ್ತಿ ತೋರಿಸಿದ್ದು ಪರೀಕ್ಷಾಲಯವಲ್ಲ, ಪ್ರತಿ ಕೀಲು ಬದಲಾವಣೆಯನ್ನೂ ದಾಖಲಿಸುವ ಆಸ್ಟ್ರೇಲಿಯಾದ ರಾಷ್ಟ್ರೀಯ ನೋಂದಣಿ. ಬಟ್ಟಲನ್ನು ಬೇಕೆಂದೇ ತಪ್ಪಾಗಿ ಕೂರಿಸಿ, ಅಂಚಿನ ಮೇಲೆ ಭಾರ ಬೀಳುವಂತೆ ಮಾಡಿ ನೋಡುವ ಪರೀಕ್ಷೆ 2018ರಲ್ಲಿ ಐಎಸ್‌ಒ 14242ರ ನಾಲ್ಕನೆಯ ಭಾಗವಾಗಿ ಬಂತು. ಅಷ್ಟರಲ್ಲಿ ಸಾವಿರಾರು ಜನ ಎರಡನೆಯ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದರು. ಈ ಪ್ರಕರಣವನ್ನು ಪ್ರತಿಯೊಬ್ಬ ಇಂಟರ್ನ್ ಓದಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ: ಶಸ್ತ್ರವೈದ್ಯರ ಕೈ ಸ್ವಲ್ಪ ಆಚೀಚೆ ಆಗುವುದು ಸಹಜ, ಆ ಆಚೀಚೆಯನ್ನು ತಾಳಿಕೊಳ್ಳುವುದು ವಿನ್ಯಾಸದ ಹೊಣೆ, ತಾಳಿಕೊಳ್ಳುತ್ತದೆಯೇ ಎಂದು ಕೇಳುವುದು ಪರೀಕ್ಷೆಯ ಹೊಣೆ.

ಕಾಗದದ ಮೇಲಿನ ಕೆಲಸ

ಪರೀಕ್ಷೆ ಶುರುವಾಗುವ ಮೊದಲೇ ಅದರ ಪ್ರೋಟೋಕಾಲ್ ಬರೆದು ಸಹಿಯಾಗಿರಬೇಕು. ಎಷ್ಟು ಮಾದರಿ, ಯಾವ ಅಳತೆಯದು, ಎಷ್ಟು ಭಾರ, ಯಾವ ಫಲಿತಾಂಶ ಬಂದರೆ ಪಾಸು ಎಂಬುದೆಲ್ಲ ಅದರಲ್ಲಿರಬೇಕು. ಫಲಿತಾಂಶ ನೋಡಿದ ಮೇಲೆ ಪಾಸಿನ ಗೆರೆ ಎಳೆಯುವಂತಿಲ್ಲ. ಹದಿನಾಲ್ಕು ಅಳತೆಗಳ ಇಂಪ್ಲಾಂಟಿನಲ್ಲಿ ಎಲ್ಲವನ್ನೂ ಮುರಿಯಲಾಗದು, ಆದ್ದರಿಂದ ಅತ್ಯಂತ ದುರ್ಬಲವಾದುದು ಯಾವುದೆಂದು ಕಾರಣ ಸಹಿತ ತೋರಿಸಿ ಅದನ್ನು ಆರಿಸಬೇಕು. ಸೊಂಟದ ಸ್ಟೆಮ್ಮಿನಲ್ಲಿ ಬಹಳ ಸಲ ಅದು ಅತಿ ಸಣ್ಣ ಸ್ಟೆಮ್ಮು ಮತ್ತು ಅತಿ ಉದ್ದದ ಕುತ್ತಿಗೆಯ ಜೋಡಿ. ಪ್ಲೇಟಿನಲ್ಲಿ ಉದ್ದಕ್ಕಿಂತ ದಪ್ಪ ಮತ್ತು ರಂಧ್ರಗಳ ಜಾಗ ಮುಖ್ಯ. ಇಲ್ಲಿ ಫೈನೈಟ್ ಎಲಿಮೆಂಟ್ ವಿಶ್ಲೇಷಣೆ, ಅಂದರೆ ವಸ್ತುವನ್ನು ಕಂಪ್ಯೂಟರಿನಲ್ಲಿ ಸಣ್ಣ ತುಣುಕುಗಳ ಬಲೆಯಾಗಿ (ಮೆಶ್) ಒಡೆದು ಸ್ಟ್ರೆಸ್ ಲೆಕ್ಕ ಹಾಕುವ ವಿಧಾನ, ನೆರವಾಗುತ್ತದೆ. ಮೆಶ್ಶನ್ನು ಇನ್ನಷ್ಟು ಸಣ್ಣ ಮಾಡಿದಾಗಲೂ ಉತ್ತರ ಬದಲಾಗುವುದಿಲ್ಲ ಎಂದು ತೋರಿಸದ ವಿಶ್ಲೇಷಣೆ ಬಣ್ಣದ ಚಿತ್ರವಷ್ಟೇ.

ದಾಖಲೆ ಪುಸ್ತಕದಲ್ಲಿ ತಪ್ಪು ಬರೆದರೆ ಒಂದೇ ಗೆರೆ ಎಳೆದು, ದಿನಾಂಕ ಹಾಕಿ, ಸಹಿ ಮಾಡಬೇಕು; ಅಳಿಸುವಂತಿಲ್ಲ. ಭಾರ ಅಳೆಯುವ ಲೋಡ್‌ಸೆಲ್ಲಿನ ಕ್ಯಾಲಿಬ್ರೇಶನ್ ಅವಧಿ ಮುಗಿದಿದ್ದರೆ ಅದರಲ್ಲಿ ಮಾಡಿದ ಪರೀಕ್ಷೆ ಎಷ್ಟೇ ಚೆನ್ನಾಗಿದ್ದರೂ ಪ್ರಶ್ನಾರ್ಹ. ಗುಣಮಟ್ಟ ವ್ಯವಸ್ಥೆಗೆ ಐಎಸ್‌ಒ 13485, ಅಪಾಯದ ಲೆಕ್ಕಾಚಾರಕ್ಕೆ ಐಎಸ್‌ಒ 14971 ಜಗತ್ತಿನೆಲ್ಲೆಡೆ ನಡೆಯುತ್ತವೆ. ಅಮೆರಿಕದಲ್ಲಿ ಹೆಚ್ಚಿನ ಪ್ಲೇಟು, ಸ್ಕ್ರೂಗಳು 510(ಕೆ) ಎಂಬ ದಾರಿಯಿಂದ, ಅಂದರೆ ಈಗಾಗಲೇ ಮಾರುಕಟ್ಟೆಯಲ್ಲಿರುವ ಸಾಧನಕ್ಕೆ ಸಮಾನ ಎಂದು ತೋರಿಸಿ ಅನುಮತಿ ಪಡೆಯುತ್ತವೆ. ಪರೀಕ್ಷೆಗಳು ಬಹಳ ಸಲ ಹಳೆಯದರ ಜೊತೆ ಹೊಸದನ್ನು ಒಂದೇ ಫಿಕ್ಸ್ಚರಿನಲ್ಲಿ ಹೋಲಿಸುವುದು ಅದಕ್ಕೇ. ಭಾರತದಲ್ಲಿ 2017ರ ವೈದ್ಯಕೀಯ ಸಾಧನ ನಿಯಮಗಳು 2018ರ ಜನವರಿ 1ರಿಂದ ಜಾರಿಯಲ್ಲಿವೆ. ಅಪಾಯದ ಮಟ್ಟಕ್ಕೆ ತಕ್ಕಂತೆ ಸಾಧನಗಳನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸಲಾಗಿದೆ.

ಕರ್ನಾಟಕದ ವಿದ್ಯಾರ್ಥಿಗಳಿಗೆ ಈ ದಾರಿ ದೂರದ್ದೇನಲ್ಲ. ವಿಮಾನಗಳ ಕಾರಣದಿಂದ ಬೆಂಗಳೂರಿನಲ್ಲಿ ಫಟೀಗ್ ವಿಜ್ಞಾನಕ್ಕೆ ಹಳೆಯ ಬೇರುಗಳಿವೆ. ಅಲ್ಲಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ (ಎನ್‌ಎಎಲ್) ಸಂಸ್ಥೆಯಲ್ಲಿ ಇಡೀ ವಿಮಾನದ ಚೌಕಟ್ಟನ್ನೇ ಫಟೀಗ್ ಪರೀಕ್ಷೆಗೆ ಒಡ್ಡುವ ಸೌಲಭ್ಯವಿದೆ. ಇಂಥ ಪರೀಕ್ಷೆಗೆ ಬೇಕಾದ ಸರ್ವೋ ಹೈಡ್ರಾಲಿಕ್ ಯಂತ್ರಗಳನ್ನು ತಯಾರಿಸುವ ಬಿಸ್ ಎಂಬ ಕಂಪನಿಯೂ ಬೆಂಗಳೂರಿನದೇ. ರೆಕ್ಕೆಯ ರಿವೆಟ್ ರಂಧ್ರದಲ್ಲಿ ಹುಟ್ಟುವ ಬಿರುಕಿಗೂ ಪ್ಲೇಟಿನ ಸ್ಕ್ರೂ ರಂಧ್ರದಲ್ಲಿ ಹುಟ್ಟುವ ಬಿರುಕಿಗೂ ಅನ್ವಯಿಸುವ ಶಾಸ್ತ್ರ ಒಂದೇ. ಕೊನೆಯ ವರ್ಷದ ದೀರ್ಘ ಇಂಟರ್ನ್‌ಶಿಪ್ಪಿಗೆ ಅರ್ಜಿ ಹಾಕುವವರು ಸ್ಟ್ರೆಂತ್ ಆಫ್ ಮೆಟೀರಿಯಲ್ಸ್, ಲೋಹಶಾಸ್ತ್ರ, ಸಂಖ್ಯಾಶಾಸ್ತ್ರ ಮತ್ತು ಮೂಳೆಯ ಮೂಲ ರಚನೆಯನ್ನು ಮತ್ತೊಮ್ಮೆ ಓದಿಕೊಂಡು ಹೋಗಬೇಕು. ಸಂದರ್ಶನದಲ್ಲಿ ತಾವೂ ಎರಡು ವಿಷಯ ಕೇಳಬೇಕು: ಪರೀಕ್ಷಾ ಯಂತ್ರವನ್ನು ಸ್ವತಃ ಓಡಿಸಲು ಬಿಡುತ್ತಾರೆಯೇ, ಮತ್ತು ಶಸ್ತ್ರವೈದ್ಯರು ಕೃತಕ ಮೂಳೆಯ ಮೇಲೆ ಆ ಸಾಧನವನ್ನು ಕೂರಿಸಿ ನೋಡುವ ದಿನ ಪಕ್ಕದಲ್ಲಿ ನಿಂತು ನೋಡಲು ಅವಕಾಶವಿದೆಯೇ. ಎರಡಕ್ಕೂ ಹೌದು ಎಂಬ ಉತ್ತರ ಸಿಕ್ಕಿದರೆ, ಸ್ಟೈಪೆಂಡ್ ಸ್ವಲ್ಪ ಕಡಿಮೆಯಿದ್ದರೂ ಆ ಜಾಗವನ್ನೇ ಆರಿಸಿಕೊಳ್ಳಿ ಎಂದು ನಾನು ಹೇಳುತ್ತೇನೆ.